ಅಂತ್ಯಕಾಲದ ಶುಶ್ರೂಷೆ: ಅದರ ಗುಣವನ್ನು ಅಳೆಯುವ ಬಗೆ

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ

ಹುಟ್ಟಿದವನಿಗೆ ಸಾವು ತಪ್ಪದೆಂಬುದನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಎಲ್ಲರ ಸಾವೂ ಒಂದೇ ಬಗೆಯದಲ್ಲ. ನಮ್ಮ ಹಿರಿಯರು ದೇವರೆದುರು ಕೈಮುಗಿದು ಬೇಡುತ್ತಿದ್ದ ವರಗಳಲ್ಲಿ ಅನಾಯಾಸವಾದ ಮರಣವೂ ಒಂದು. ಸಾವು ಬಾರದಿರಲಿ ಎಂದು ಅವರು ಕೇಳಲಿಲ್ಲ; ಬರುವಾಗ ನರಳಿಸದೆ ಬರಲಿ ಎಂದು ಕೇಳಿದರು. ಈಗ ಕ್ಯಾನ್ಸರು, ಹೃದಯದ ದೌರ್ಬಲ್ಯ, ಮೂತ್ರಪಿಂಡದ ಕಾಯಿಲೆ, ಪಾರ್ಶ್ವವಾಯು ಮುಂತಾದ ದೀರ್ಘರೋಗಗಳಿಂದ ಸಾಯುವವರ ಸಂಖ್ಯೆ ಹೆಚ್ಚಾಗಿದೆ. ಇಂಥವರ ಕೊನೆಯ ಕಾಲ ಒಂದು ಗಳಿಗೆಯಲ್ಲಿ ಮುಗಿಯುವುದಿಲ್ಲ; ತಿಂಗಳುಗಟ್ಟಲೆ ಎಳೆಯುತ್ತದೆ. ಆ ಕಾಲದಲ್ಲಿ ರೋಗಿಯನ್ನು ನೋಡಿಕೊಳ್ಳುವ ಸಂಸ್ಥೆಗಳಿಗೆ ಹಾಸ್ಪಿಸ್ ಎಂದೂ ಆ ಕೆಲಸಕ್ಕೆ ಉಪಶಾಮಕ ಆರೈಕೆ ಎಂದೂ ಹೆಸರು. ಇಂಥ ಸಂಸ್ಥೆಯೊಂದು ಒಳ್ಳೆಯದೋ ಅಲ್ಲವೋ ಎಂಬುದನ್ನು ಸಾಮಾನ್ಯ ಕುಟುಂಬವೊಂದು ಹೇಗೆ ತಿಳಿಯಬೇಕು? ಪ್ರಕೃತ ಲೇಖನದ ವಿಷಯ ಇಷ್ಟೆ.

ಇದು ವೈದ್ಯಕೀಯ ಕಾಲೇಜಿನವರು ಯೋಚಿಸಬೇಕಾದ ಮಾತು, ಕಲಾ ವಿಭಾಗದ ನಮಗೇಕೆ ಎಂದು ಸಹಪಾಠಿಗಳು ಕೇಳಬಹುದು. ಈ ಕಾಲೇಜಿನಲ್ಲಿ ಓದುವ ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಆಸ್ಪತ್ರೆಯ ಚೀಟಿ ಬಂದರೆ ಅದನ್ನು ಓದುವ ಕೆಲಸ ನಮ್ಮದು. ಡಾಕ್ಟರೊಡನೆ ಮಾತನಾಡು ಎಂದು ಹಿರಿಯರು ಮುಂದೆ ತಳ್ಳುವುದು ನಮ್ಮನ್ನೇ. ಅಜ್ಜಿಯನ್ನೋ ದೊಡ್ಡಪ್ಪನನ್ನೋ ಎಲ್ಲಿಗೆ ಸೇರಿಸಬೇಕೆಂಬ ಪ್ರಶ್ನೆ ಎದ್ದಾಗ, "ನೀನು ಓದಿದವನು, ನೀನೇ ಹೇಳಪ್ಪ" ಎನ್ನುತ್ತಾರೆ. ಹಾಗೆ ಕೇಳಿದಾಗ ಹೇಳಲು ನಮ್ಮಲ್ಲಿ ಏನಾದರೂ ಇರಬೇಕಷ್ಟೆ.

ಹಾಸ್ಪಿಸ್ ಎಂದರೇನು?

ಅತಿಥಿ, ಆತಿಥೇಯ ಎಂಬ ಎರಡು ಅರ್ಥವನ್ನೂ ಕೊಡುವ ಲ್ಯಾಟಿನ್ ಪದವೊಂದರಿಂದ ಈ ಶಬ್ದ ಬಂದಿದೆ. ಮಧ್ಯಯುಗದ ಯೂರೋಪಿನಲ್ಲಿ ಯಾತ್ರಿಕರು ತಂಗುತ್ತಿದ್ದ ಧರ್ಮಶಾಲೆಗಳಿಗೆ ಈ ಹೆಸರಿತ್ತು. ನಮ್ಮ ಛತ್ರ, ಅರವಟ್ಟಿಗೆಗಳನ್ನು ನೆನೆದರೆ ಇದರ ಭಾವ ಸುಲಭವಾಗಿ ತಿಳಿಯುತ್ತದೆ. ಇಂದಿನ ಅರ್ಥದ ಹಾಸ್ಪಿಸ್‌ಗೆ ತಳಹದಿ ಹಾಕಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ದಾದಿಯಾಗಿ, ಸಮಾಜಸೇವಕಿಯಾಗಿ ದುಡಿದು, ಬಳಿಕ ವೈದ್ಯಶಾಸ್ತ್ರವನ್ನು ಓದಿ ವೈದ್ಯೆಯಾದ ಈಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ ಅನ್ನು ಆರಂಭಿಸಿದರು. ಸಾಯುವ ಮನುಷ್ಯನ ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನ ಅಂಜಿಕೆ, ಸಂಸಾರದ ಚಿಂತೆ, ಬಾಳಿನ ಅರ್ಥವೇನೆಂಬ ತೊಳಲಾಟ ಎಲ್ಲವೂ ಅದರಲ್ಲಿ ಹೆಣೆದುಕೊಂಡಿವೆ ಎಂದು ಅವರು ತೋರಿಸಿಕೊಟ್ಟರು. ಇದನ್ನೇ ಅವರು "ಸಮಗ್ರ ನೋವು" ಎಂದು ಕರೆದರು. ನೋವು ಮರುಕಳಿಸಿದ ಮೇಲೆ ಮದ್ದು ಕೊಡುವುದಲ್ಲ, ಮರುಕಳಿಸುವ ಮೊದಲೇ ಗಂಟೆ ನೋಡಿ ಕೊಡಬೇಕು ಎಂಬುದು ಅವರ ಇನ್ನೊಂದು ಮುಖ್ಯ ಪಾಠ.

ಭಾರತದಲ್ಲಿ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಎಂಬ ಹೆಸರಿನಲ್ಲಿ ತೆರೆಯಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ನೋವು ಮತ್ತು ಉಪಶಾಮಕ ಆರೈಕೆಯ ಸಂಘವೊಂದು ಹುಟ್ಟಿತು. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಸ್ಥಾಪಿತವಾಯಿತು. ಮೊದಲು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುತ್ತಿದ್ದ ಈ ಟ್ರಸ್ಟು 1999ರಲ್ಲಿ "ಕರುಣಾಶ್ರಯ"ವನ್ನು ಕಟ್ಟಿ, ಉಲ್ಬಣಿಸಿದ ಕ್ಯಾನ್ಸರಿನ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತ ಬಂದಿದೆ.

"ಇನ್ನು ಮಾಡುವುದೇನೂ ಇಲ್ಲ"

ನಮ್ಮ ಕೇರಿಯಲ್ಲಿ ಹೊಗೆಸೊಪ್ಪಿನ ಚಟವಿದ್ದ ಹಿರಿಯರೊಬ್ಬರಿಗೆ ಬಾಯಿಯ ಕ್ಯಾನ್ಸರು ಆಗಿತ್ತು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ, "ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ಹೇಳಿ ಕಳುಹಿಸಿದರು. ಅಲ್ಲಿಂದ ಮುಂದೆ ಅವರು ಬದುಕಿದ್ದು ಸುಮಾರು ನಲವತ್ತು ದಿನ. ರಾತ್ರಿಯ ಹೊತ್ತು ಅವರ ನರಳಾಟ ಮೂರು ಮನೆಯಾಚೆಗೂ ಕೇಳುತ್ತಿತ್ತು. ಹುಣ್ಣಿನ ವಾಸನೆಗೆ ಮೊಮ್ಮಕ್ಕಳು ಹತ್ತಿರ ಹೋಗುತ್ತಿರಲಿಲ್ಲ. ಸೊಸೆಯೊಬ್ಬಳೇ ಎಲ್ಲವನ್ನೂ ಮಾಡಿದಳು.

ಈ ಲೇಖನಕ್ಕಾಗಿ ಓದತೊಡಗಿದಾಗ ನನಗೆ ತಿಳಿದುಬಂದುದೇನೆಂದರೆ, ಆ ನಲವತ್ತು ದಿನಗಳಲ್ಲಿ ಮಾಡಬಹುದಾದದ್ದು ಬಹಳವಿತ್ತು. ನೋವಿಗೆ ಮಾರ್ಫೀನ್ ಇತ್ತು. ಹುಣ್ಣಿನ ದುರ್ವಾಸನೆಯನ್ನು ಇಳಿಸಲು ಮೆಟ್ರೊನಿಡಜೋಲ್ ಎಂಬ ಸಾಮಾನ್ಯ ಮಾತ್ರೆಯನ್ನು ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸುವ ಕ್ರಮವಿದೆ. ಅದು ದುಬಾರಿಯ ಔಷಧವೇನಲ್ಲ. ಸೊಸೆಗೆ ಗಾಯ ತೊಳೆಯುವ ಕ್ರಮವನ್ನು ದಾದಿಯೊಬ್ಬಳು ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದಾಗಿತ್ತು. ರೋಗ ಗುಣವಾಗದಿರುವುದು ಬೇರೆ, ರೋಗಿಗೆ ಮಾಡುವುದೇನೂ ಇಲ್ಲದಿರುವುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಎಷ್ಟೋ ಮನೆಗಳಲ್ಲಿ ಅನಾವಶ್ಯಕವಾದ ಸಂಕಟ ನಡೆಯುತ್ತಿದೆ. ಪ್ರಪಂಚದಲ್ಲಿ ಇಂಥ ಆರೈಕೆ ಬೇಕಾದವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಮಾತ್ರ ಅದು ದೊರೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಅಳತೆ ಏಕೆ ಕಷ್ಟ?

ಅಂಗಡಿಯಲ್ಲಿ ಕೊಂಡ ಬಟ್ಟೆ ಬಣ್ಣ ಬಿಟ್ಟರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತೇವೆ. ಹೀಗೆ ಗಿರಾಕಿಯ ಅನುಭವವೇ ಅಂಗಡಿಯನ್ನು ತಿದ್ದುತ್ತದೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೇವೆ. ಹಾಸ್ಪಿಸ್ಸಿನ ವಿಷಯದಲ್ಲಿ ಈ ನಿಯಮ ನಡೆಯುವುದಿಲ್ಲ. ಆರೈಕೆಯನ್ನು ಪಡೆದ ವ್ಯಕ್ತಿ ಹಿಂದಿರುಗಿ ಬಂದು ದೂರು ಹೇಳಲಾರ. ಕುಟುಂಬದವರು ದುಃಖದಲ್ಲಿರುತ್ತಾರೆ, ಮತ್ತೆ ಮತ್ತೆ ಇಂಥ ಸಂಸ್ಥೆಯನ್ನು ಆರಿಸುವ ಅವಕಾಶವೂ ಅವರಿಗೆ ಬರುವುದಿಲ್ಲ. ಸೇವೆ ಧರ್ಮಾರ್ಥವಾಗಿದ್ದರಂತೂ ಅದರಲ್ಲಿ ಕೊರತೆ ಕಂಡರೂ ಹೇಳುವುದು ಕೃತಘ್ನತೆಯಾದೀತೆಂದು ಸುಮ್ಮನಾಗುತ್ತಾರೆ. ಇನ್ನೊಂದು ತೊಡಕೂ ಇದೆ. ಇತರ ಆಸ್ಪತ್ರೆಗಳನ್ನು ಎಷ್ಟು ಮಂದಿ ಬದುಕಿದರು ಎಂಬುದರಿಂದ ಅಳೆಯಬಹುದು. ಇಲ್ಲಿಗೆ ಬಂದವರಲ್ಲಿ ಬಹುಪಾಲು ಜನ ಸಾಯುವವರೇ. ಆದುದರಿಂದ ಸಾವಿನ ಲೆಕ್ಕ ಇಲ್ಲಿ ಏನನ್ನೂ ಹೇಳುವುದಿಲ್ಲ. ಹಾಗಾದರೆ ಅಳತೆಗೋಲು ಯಾವುದು?

1966ರಲ್ಲಿ ಅಮೆರಿಕದ ಅವೆಡಿಸ್ ಡೊನಬೀಡಿಯನ್ ಎಂಬ ವಿದ್ವಾಂಸರು ವೈದ್ಯಕೀಯ ಸೇವೆಯ ಗುಣವನ್ನು ಮೂರು ಕಡೆಗಳಿಂದ ನೋಡಬೇಕೆಂದು ಪ್ರತಿಪಾದಿಸಿದರು. ಅವನ್ನು ನಮ್ಮ ಮಾತಿನಲ್ಲಿ ಸಾಮಗ್ರಿ, ಕ್ರಮ, ಫಲ ಎನ್ನಬಹುದು. ಅಡಿಗೆಯ ಉದಾಹರಣೆ ತೆಗೆದುಕೊಂಡರೆ, ಪಾತ್ರೆ ಪದಾರ್ಥಗಳು ಸಾಮಗ್ರಿ. ಬೇಯಿಸುವ ರೀತಿ ಕ್ರಮ. ಉಂಡವನ ಹಸಿವು ಇಂಗಿತೇ ಎಂಬುದು ಫಲ. ಒಂದನ್ನೇ ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೇವೆ. ಹೊಳೆಯುವ ಪಾತ್ರೆಗಳಿದ್ದ ಮಾತ್ರಕ್ಕೆ ಊಟ ರುಚಿಯಾಗಿರಬೇಕೆಂದಿಲ್ಲ.

ಸಾಮಗ್ರಿ

ಸಂಸ್ಥೆಯನ್ನು ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಕಟ್ಟಡ, ತೋಟ, ನುಣುಪಾದ ನೆಲ. ಇವು ಬೇಡವೆಂದಲ್ಲ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಬಾಯಿಯ ಮೂಲಕ ಕೊಡುವ ಮಾರ್ಫೀನ್ ಯಾವಾಗಲೂ ದೊರೆಯುತ್ತದೆಯೇ?

ಮಾರ್ಫೀನ್ ಅಫೀಮಿನಿಂದ ಬರುವ ಔಷಧ. ಕಾನೂನಿನ ಪ್ರಕಾರ ಅಫೀಮನ್ನು ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಅದರ ಬೇಸಾಯವಿದೆ. ಆದರೂ ನಮ್ಮ ರೋಗಿಗಳಿಗೇ ಅದು ದುರ್ಲಭವಾಯಿತು. ಮಾದಕ ವಸ್ತುಗಳ ದುರುಪಯೋಗವನ್ನು ತಡೆಯಲು 1985ರಲ್ಲಿ ಬಂದ ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ಔಷಧವನ್ನು ಇಟ್ಟುಕೊಳ್ಳಲು ಹಲವು ಪರವಾನಗಿಗಳು ಬೇಕಾಗಿದ್ದವು; ಬಹುತೇಕ ಆಸ್ಪತ್ರೆಗಳು ಅದರ ಗೋಜಿಗೇ ಹೋಗಲಿಲ್ಲ. 2014ರಲ್ಲಿ ಈ ಕಾನೂನಿಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಪಡೆಯುವ ದಾರಿ ಸುಗಮವಾಯಿತು. ಹೀಗಿರುವಾಗ, ಇಂದು ಹಾಸ್ಪಿಸ್ ಎಂಬ ಫಲಕ ಹಾಕಿಕೊಂಡೂ ಮಾರ್ಫೀನ್ ಇಡದ ಸಂಸ್ಥೆ ಅಕ್ಕಿಯಿಲ್ಲದ ಅನ್ನಛತ್ರದಂತೆ. ವೈದ್ಯರ ಮೇಲ್ವಿಚಾರಣೆಯಲ್ಲಿ ನೋವಿಗೆಂದು ತೆಗೆದುಕೊಂಡರೆ ಚಟ ಹಿಡಿಯುತ್ತದೆಂಬ ಭಯಕ್ಕೆ ಹೆಚ್ಚಿನ ಆಧಾರವಿಲ್ಲ.

ಎರಡನೆಯದು ಜನ. ಈ ವಿಷಯದಲ್ಲಿ ತರಬೇತಿ ಪಡೆದ ವೈದ್ಯರೂ ದಾದಿಯರೂ ಇದ್ದಾರೆಯೇ? ಸಮಾಜಸೇವಕರು ಇದ್ದಾರೆಯೇ? ರಾತ್ರಿಯ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ? ಹಗಲಿನಲ್ಲಿ ತೋರಿಸುವ ವ್ಯವಸ್ಥೆ ಸುಲಭ. ನೋವು ಹೆಚ್ಚುವುದು, ಅಂಜಿಕೆ ಆವರಿಸುವುದು ರಾತ್ರಿ ಎರಡು ಗಂಟೆಗೆ.

ಕ್ರಮ

ಕ್ರಮವನ್ನು ತಿಳಿಯಲು ಸಣ್ಣ ಸಣ್ಣ ಗುರುತುಗಳನ್ನು ನೋಡಬೇಕು. ಕೆಲವನ್ನು ಇಲ್ಲಿ ಹೇಳುತ್ತೇನೆ.

ಮಾರ್ಫೀನ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಮಲಬದ್ಧತೆ ಆಗುತ್ತದೆ. ಇದನ್ನು ಬಲ್ಲ ವೈದ್ಯರು ಮಾರ್ಫೀನಿನ ಜೊತೆಗೇ ಮಲ ಸಡಿಲಿಸುವ ಔಷಧವನ್ನೂ ಬರೆಯುತ್ತಾರೆ. ಚೀಟಿಯಲ್ಲಿ ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ಏಕೆಂದು ಕೇಳಬೇಕು. ಇದನ್ನು ಗಮನಿಸಲು ವೈದ್ಯನಾಗಬೇಕಿಲ್ಲ. ಚೀಟಿ ಓದಲು ಬಂದರೆ ಸಾಕು.

ಎದ್ದು ಓಡಾಡಲಾರದ ರೋಗಿಗಳನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನಲ್ಲಿ, ಸೊಂಟದಲ್ಲಿ ಹಾಸಿಗೆ ಹುಣ್ಣುಗಳಾಗುತ್ತವೆ. ಯಾರ ಸರದಿ ಯಾವಾಗ ಎಂದು ಬರೆದಿಡುವ ಪದ್ಧತಿ ಇದೆಯೇ ನೋಡಬೇಕು. ತುಟಿ ಒಣಗಿದ ರೋಗಿಯ ಬಾಯಿಯನ್ನು ಒದ್ದೆಮಾಡುತ್ತಾರೆಯೇ? ವಾರ್ಡಿನೊಳಗೆ ಹೊಕ್ಕಾಗ ಮೂಗಿಗೆ ಏನು ಬಡಿಯುತ್ತದೆ? ಇವು ಯಾವ ಪರಿಚಯಪತ್ರದಲ್ಲೂ ಅಚ್ಚಾಗುವ ಸಂಗತಿಗಳಲ್ಲ.

ರೋಗಿಯನ್ನು ನೋವಿನ ವಿಷಯವಾಗಿ ದಿನವೂ ಕೇಳಿ ಬರೆದಿಡಬೇಕು. ಸೊನ್ನೆಯಿಂದ ಹತ್ತರವರೆಗಿನ ಅಂಕಗಳಲ್ಲಿ ನೋವನ್ನು ಹೇಳಿಸುವುದು ಈಗ ಎಲ್ಲೆಡೆ ಬಳಕೆಯಲ್ಲಿದೆ. ಅಂಕಗಳ ರೂಢಿಯಿಲ್ಲದ ನಮ್ಮ ಮುದುಕರನ್ನು, "ರೂಪಾಯಿಗೆ ಎಷ್ಟಾಣೆ ನೋವಿದೆ, ಅಜ್ಜಾ?" ಎಂದು ಕೇಳಿದರೆ ಹನ್ನೆರಡಾಣೆ ಎಂದೋ ನಾಲ್ಕಾಣೆ ಎಂದೋ ಸರಿಯಾಗಿಯೇ ಹೇಳಿಯಾರು. ಮುಖ್ಯವಾದುದು ಕೇಳುವುದು, ರೋಗಿಯ ಭಾಷೆಯಲ್ಲಿ ಕೇಳುವುದು. ಕನ್ನಡವೊಂದನ್ನೇ ಬಲ್ಲ ರೋಗಿಗೆ ಕನ್ನಡ ಬಾರದ ದಾದಿ, ತುಳುವೋ ಉರ್ದುವೋ ಆಡುವವರಿಗೆ ಆ ಮಾತು ತಿಳಿಯದ ಸಿಬ್ಬಂದಿ ಇದ್ದರೆ, ಔಷಧಿ ಎಷ್ಟೇ ಇದ್ದರೂ ಅರ್ಧ ಆರೈಕೆ ನಷ್ಟವಾದಂತೆ.

ಇನ್ನೊಂದು ಕಷ್ಟದ ವಿಷಯ ಸತ್ಯ ಹೇಳುವುದು. ನಮ್ಮಲ್ಲಿ ರೋಗಿಗೆ ರೋಗದ ಹೆಸರನ್ನು ಮುಚ್ಚಿಡುವ ವಾಡಿಕೆ ಹೆಚ್ಚು. ಮನೆಯವರದು ಪ್ರೀತಿಯೇ, ಆದರೆ ತನಗೇನಾಗುತ್ತಿದೆ ಎಂದು ತಿಳಿಯದವನು ತನ್ನ ಹೊಲದ ಪಾಲು, ಮಗಳ ಮದುವೆ, ಕೊನೆಯ ಮಾತು ಯಾವುದನ್ನೂ ಮುಗಿಸಲಾರ. ಒಳ್ಳೆಯ ಸಂಸ್ಥೆ ಬಲವಂತವಾಗಿ ಸತ್ಯವನ್ನು ಹೇರುವುದಿಲ್ಲ, ಸುಳ್ಳಿಗೂ ಸಹಿ ಹಾಕುವುದಿಲ್ಲ. ರೋಗಿ ಎಷ್ಟು ತಿಳಿಯಲು ಬಯಸುತ್ತಾನೋ ಅಷ್ಟನ್ನು ತಾಳ್ಮೆಯಿಂದ ತಿಳಿಸುತ್ತದೆ. ಹಾಗೆಯೇ ಅವನ ಮತಧರ್ಮವನ್ನೂ ಗೌರವಿಸುತ್ತದೆ. ತುಳಸಿಯ ನೀರು, ಕುರಾನಿನ ಪಠಣ, ಪಾದ್ರಿಗಳ ಪ್ರಾರ್ಥನೆ — ಬೇಕೆಂದವರಿಗೆ ಬೇಕಾದುದು ದೊರೆಯಬೇಕು, ಬೇಡವೆಂದವರಿಗೆ ಯಾವುದನ್ನೂ ಹೇರಬಾರದು.

ರೋಗಿಯ ಇಚ್ಛೆಯನ್ನು ಬರೆದಿಡುವ ವಿಷಯದಲ್ಲಿ ಕಾನೂನೂ ಮುಂದೆ ಬಂದಿದೆ. ಗುಣವಾಗುವ ಆಸೆಯಿಲ್ಲದಾಗ ಯಂತ್ರಗಳ ಬಲದಿಂದ ಜೀವವನ್ನು ಎಳೆಯುವುದು ಬೇಡವೆಂದು ಮುಂಚಿತವಾಗಿ ಬರೆದಿಡಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಸಂಸ್ಥೆಯವರಿಗೆ ಇದರ ಅರಿವಿದೆಯೇ ಎಂದು ಕೇಳುವುದು ತಪ್ಪಲ್ಲ.

ಫಲ

ಕೊನೆಗೆ ಫಲ. ನೋವಿನಿಂದ ಬಂದ ರೋಗಿಗೆ ಒಂದೆರಡು ದಿನಗಳಲ್ಲಿ ನೋವು ಇಳಿಯಿತೇ? ರಾತ್ರಿ ನಿದ್ರೆ ಬಂತೇ? ಮನೆಯಲ್ಲಿಯೇ ಪ್ರಾಣ ಬಿಡಬೇಕೆಂದಿದ್ದವನಿಗೆ ಅದು ಸಾಧ್ಯವಾಯಿತೇ? ನೋಡಿಕೊಂಡ ಹೆಂಡತಿ, ಮಗಳು, ಸೊಸೆಯರ ಗತಿ ಏನಾಯಿತು? ಸಾವಿನ ನಂತರ ಯಾರಾದರೂ ಆ ಮನೆಗೆ ಬಂದು ವಿಚಾರಿಸಿದರೇ? ಇವುಗಳಿಗೆ ಲೆಕ್ಕವಿಡುವ ಸಂಸ್ಥೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಸಂಸ್ಥೆ.

ಉಪಶಾಮಕ ಆರೈಕೆ ಎಂದರೆ ಸಾವನ್ನು ಬೇಗ ಕರೆಯುವುದು ಎಂಬ ತಪ್ಪು ಕಲ್ಪನೆಯೂ ಇದೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದೇ ಕಥೆ ಹೇಳಿತು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳಲ್ಲಿ, ಆರಂಭದಿಂದಲೇ ಇಂಥ ಆರೈಕೆ ಪಡೆದವರು ಸುಮಾರು 11.6 ತಿಂಗಳೂ, ಸಾಮಾನ್ಯ ಚಿಕಿತ್ಸೆಯನ್ನಷ್ಟೇ ಪಡೆದವರು ಸುಮಾರು 8.9 ತಿಂಗಳೂ ಬದುಕಿದರು. ನೋವು, ಖಿನ್ನತೆಗಳು ಇಳಿದ ದೇಹಕ್ಕೆ ಬದುಕುವ ಶಕ್ತಿಯೂ ಸ್ವಲ್ಪ ಹೆಚ್ಚಬಹುದು. ಆದುದರಿಂದ ಹಾಸ್ಪಿಸ್ಸಿನ ಬಾಗಿಲು ತಟ್ಟುವುದಕ್ಕೆ ಕೊನೆಯ ವಾರದವರೆಗೆ ಕಾಯಬಾರದು.

ಹೊರಗಿನವರ ಅನುಭವ

ಅಮೆರಿಕದಲ್ಲಿ 1982ರ ಕಾನೂನಿನ ಪ್ರಕಾರ ವೃದ್ಧರ ಸರ್ಕಾರಿ ವಿಮೆಯಿಂದಲೇ ಹಾಸ್ಪಿಸ್ಸಿಗೆ ಹಣ ಸಲ್ಲುತ್ತದೆ. ಬಹುಮಟ್ಟಿಗೆ ಹಣವನ್ನು ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಆ ದಿನ ದಾದಿ ಮನೆಗೆ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಲಾಭಕ್ಕಾಗಿ ನಡೆಯುವ ಸಂಸ್ಥೆಗೆ ಭೇಟಿಗಳನ್ನು ಕಡಮೆ ಮಾಡುವ ಆಸೆ ಹುಟ್ಟುವುದು ಇಲ್ಲಿಯೇ. ಇದನ್ನರಿತು, ಕೊನೆಯ ಮೂರು ದಿನಗಳಲ್ಲಿ ಎರಡು ದಿನವಾದರೂ ದಾದಿಯೋ ಸಮಾಜಸೇವಕರೋ ರೋಗಿಯ ಬಳಿಗೆ ಹೋದರೇ ಎಂಬುದನ್ನು ಅಲ್ಲಿ ಈಗ ಅಳತೆಯೊಂದಾಗಿ ಇಟ್ಟುಕೊಂಡಿದ್ದಾರೆ. ಸಾವಾಗಿ ಎರಡು ತಿಂಗಳು ಕಳೆದ ಮೇಲೆ ಕುಟುಂಬದವರಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ಉತ್ತರಗಳ ಸಾರಾಂಶವನ್ನು ಸಾರ್ವಜನಿಕರಿಗೆ ಪ್ರಕಟಿಸುತ್ತಾರೆ. ಇಂಗ್ಲೆಂಡಿನಲ್ಲಿ ಸರ್ಕಾರದ ಆಯೋಗವೊಂದು ಹಾಸ್ಪಿಸ್‌ಗಳನ್ನು ತಪಾಸಣೆ ಮಾಡಿ, ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆಯುಳ್ಳದ್ದೇ, ಅಗತ್ಯಕ್ಕೆ ಸ್ಪಂದಿಸುವುದೇ, ಆಡಳಿತ ಚೆನ್ನಾಗಿದೆಯೇ ಎಂಬ ಐದು ಪ್ರಶ್ನೆಗಳ ಮೇಲೆ ದರ್ಜೆ ಕೊಡುತ್ತದೆ. 2015ರಲ್ಲಿ ಎಂಬತ್ತು ದೇಶಗಳ ಅಂತ್ಯಕಾಲದ ಆರೈಕೆಯನ್ನು ಹೋಲಿಸಿದ ಸೂಚ್ಯಂಕವೊಂದರಲ್ಲಿ ಬ್ರಿಟನ್ನಿಗೆ ಮೊದಲ ಸ್ಥಾನ, ಭಾರತಕ್ಕೆ 67ನೆಯ ಸ್ಥಾನ ದೊರೆಯಿತು.

ನಾಚಿಕೆಪಡುವುದರಿಂದ ಪ್ರಯೋಜನವಿಲ್ಲ, ನಮ್ಮ ನೆರೆಯಲ್ಲೇ ದಾರಿಯಿದೆ. ಕೇರಳ ರಾಜ್ಯ 2008ರಲ್ಲಿಯೇ ಉಪಶಾಮಕ ಆರೈಕೆಯ ನೀತಿಯೊಂದನ್ನು ಪ್ರಕಟಿಸಿತು. ಅಲ್ಲಿ ಪಂಚಾಯಿತಿಗಳ ಆಶ್ರಯದಲ್ಲಿ ದಾದಿಯರು ಮನೆಮನೆಗೆ ಹೋಗುತ್ತಾರೆ. ನೆರೆಹೊರೆಯ ಸ್ವಯಂಸೇವಕರು, ವಿದ್ಯಾರ್ಥಿಗಳೂ ಸೇರಿದಂತೆ, ಜೊತೆಗೂಡುತ್ತಾರೆ. ಸಂಸ್ಥೆ ಊರಿನವರ ಕಣ್ಣಿನ ಮುಂದೆಯೇ ಕೆಲಸ ಮಾಡುವುದರಿಂದ ಅದರ ಗುಣದೋಷಗಳೂ ಊರಿಗೆ ತಿಳಿಯುತ್ತವೆ. ಇದಕ್ಕಿಂತ ಒಳ್ಳೆಯ ತಪಾಸಣೆ ಯಾವುದು?

ಕೇಳಬೇಕಾದ ಎಂಟು ಪ್ರಶ್ನೆಗಳು

ಮೇಲಿನ ವಿವೇಚನೆಯ ಸಾರವನ್ನು, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬಹುದಾದಂತೆ, ಇಲ್ಲಿ ಕೊಡುತ್ತೇನೆ:

1. ಬಾಯಿಯ ಮೂಲಕ ಕೊಡುವ ಮಾರ್ಫೀನ್ ಸದಾ ಇರುತ್ತದೆಯೇ?
2. ವೈದ್ಯರಿಗೂ ದಾದಿಯರಿಗೂ ಈ ಆರೈಕೆಯಲ್ಲಿ ತರಬೇತಿ ಆಗಿದೆಯೇ?
3. ನಡುರಾತ್ರಿ ಫೋನ್ ಮಾಡಿದರೆ ಉತ್ತರಿಸುವವರು ಯಾರು?
4. ರೋಗಿಯ ನೋವನ್ನು ದಿನವೂ ಕೇಳಿ ಬರೆದಿಡುತ್ತೀರಾ? ಆ ಪುಸ್ತಕವನ್ನು ನೋಡಬಹುದೇ?
5. ಮನೆಗೆ ಬಂದು ನೋಡುತ್ತೀರಾ? ವಾರಕ್ಕೆ ಎಷ್ಟು ಸಲ? ಮನೆಯವರಿಗೆ ಕಲಿಸಿಕೊಡುತ್ತೀರಾ?
6. ರೋಗಿಯ ಭಾಷೆ ಬಲ್ಲವರು ಇದ್ದಾರೆಯೇ?
7. ಖರ್ಚೆಷ್ಟು? ಅದನ್ನು ಬರಹದಲ್ಲಿ ಕೊಡುತ್ತೀರಾ?
8. ಸಾವಿನ ಅನಂತರ ಕುಟುಂಬದವರ ಅಭಿಪ್ರಾಯವನ್ನು ಕೇಳುತ್ತೀರಾ? ಅದರಿಂದ ಏನನ್ನು ಬದಲಾಯಿಸಿಕೊಂಡಿದ್ದೀರಿ?

ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಅಭಿಪ್ರಾಯ. "ನಮ್ಮಲ್ಲಿ ಯಾವ ಕೊರತೆಯೂ ಇಲ್ಲ" ಎನ್ನುವವರಿಗಿಂತ, "ಇಂಥದೊಂದು ಕೊರತೆಯಿತ್ತು, ಹೀಗೆ ತಿದ್ದಿಕೊಂಡೆವು" ಎನ್ನುವವರನ್ನು ಹೆಚ್ಚು ನಂಬಬಹುದು. ಅಳತೆಗೆ ಸಿಗದ ಸಂಗತಿಗಳೂ ಇವೆ ಎಂಬುದನ್ನು ಒಪ್ಪುತ್ತೇನೆ. ದಾದಿಯೊಬ್ಬಳು ಕೈ ಹಿಡಿದು ಕುಳಿತ ಹತ್ತು ನಿಮಿಷವನ್ನು ಯಾವ ಪುಸ್ತಕದಲ್ಲಿ ಬರೆಯುವುದು? ಆದರೆ ಬರೆಯಬಹುದಾದುದನ್ನೇ ಬರೆಯದ ಸ್ಥಳದಲ್ಲಿ ಬರೆಯಲಾಗದ್ದು ಹೇರಳವಾಗಿದೆಯೆಂದು ನಂಬುವುದು ಕಷ್ಟ.

ಬಡವರ ಮನೆಗಳಿಗೆ ಆಯ್ಕೆಯೇ ಇಲ್ಲದಿರುವಾಗ ಈ ಪ್ರಶ್ನೆಗಳಿಂದೇನು ಎಂಬ ಆಕ್ಷೇಪ ಬರಬಹುದು. ನಮ್ಮ ಅನೇಕ ತಾಲ್ಲೂಕುಗಳಲ್ಲಿ ಹಾಸ್ಪಿಸ್ ಇಲ್ಲವೆಂಬುದು ನಿಜ. ಆದರೆ ಇದೇ ಪ್ರಶ್ನೆಗಳನ್ನು ತಾಲ್ಲೂಕು ಆಸ್ಪತ್ರೆಯ ಮುಂದೆಯೂ ಇಡಬಹುದು. ಉಪಶಾಮಕ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮವನ್ನು 2012ರಲ್ಲಿಯೇ ರೂಪಿಸಲಾಗಿದೆ, 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಈ ಸೇವೆಯನ್ನು ಪ್ರಾಥಮಿಕ ಆರೈಕೆಯೊಳಗೆ ಸೇರಿಸಿದೆ. ಕೇಳುವವರಿಲ್ಲದೆ ಕಾಗದದಲ್ಲಿರುವುದು ಊರಿಗೆ ಬರುವುದಿಲ್ಲ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವ, ಗಿಡ ನೆಡುವ ಕೆಲಸದ ಜೊತೆಗೆ, ಆ ಹಳ್ಳಿಯಲ್ಲಿ ಹಾಸಿಗೆ ಹಿಡಿದವರು ಯಾರು, ಅವರ ನೋವಿಗೆ ಏನು ಸಿಗುತ್ತಿದೆ ಎಂದು ಒಂದು ಪಟ್ಟಿ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಗೆ ಕೊಟ್ಟರೆ ಅದೇ ಒಂದು ಆರಂಭವಾದೀತು. ಅಧ್ಯಾಪಕರೂ ಗೆಳೆಯರೂ ಈ ಸೂಚನೆಯನ್ನು ಮುಂದಿನ ವರ್ಷದ ಶಿಬಿರಕ್ಕೆ ಮುಂಚಿತವಾಗಿ ಪರಿಶೀಲಿಸಬೇಕೆಂದು ಕೋರುತ್ತೇನೆ.